ಪ್ರಕಾಶಕರ ಲೈಸೆನ್ಸ್ ಕರಾರು: ಓದುವುದು, ತಿದ್ದಿಸುವುದು, ಸಹಿಯಾದ ಮೇಲೆ ನಿಭಾಯಿಸುವುದು

ಮುದ್ರಿತ ಪುಸ್ತಕ ಕೊಂಡ ಗ್ರಂಥಾಲಯ ಅದನ್ನು ಓದುಗರಿಗೆ ಎರವಲು ಕೊಡಬಹುದು, ಇನ್ನೊಂದು ಗ್ರಂಥಾಲಯಕ್ಕೆ ಕಳಿಸಬಹುದು, ಐವತ್ತು ವರ್ಷ ಕಪಾಟಿನಲ್ಲಿ ಇಟ್ಟುಕೊಳ್ಳಬಹುದು. ಯಾವುದಕ್ಕೂ ಪ್ರಕಾಶಕರ ಅಪ್ಪಣೆ ಬೇಕಿಲ್ಲ. ಇ-ಜರ್ನಲ್, ಇ-ಬುಕ್, ಡೇಟಾಬೇಸ್‌ಗಳ ಮಾತು ಬೇರೆ. ಅಲ್ಲಿ ಹಣ ಕೊಟ್ಟು ಪಡೆಯುವುದು ಬಳಸುವ ಅನುಮತಿಯನ್ನು ಮಾತ್ರ. ಆ ಅನುಮತಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಹಕ್ಕುಸ್ವಾಮ್ಯ ಕಾಯ್ದೆಗಿಂತ ಹೆಚ್ಚಾಗಿ ನಾವು ಸಹಿ ಹಾಕಿದ ಕರಾರಿನಲ್ಲಿ ತೀರ್ಮಾನವಾಗುತ್ತದೆ.

ಷರತ್ತುಗಳು ಎಷ್ಟು ಬಿಗಿಯಾಗಬಲ್ಲವು ಎಂಬುದಕ್ಕೆ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಸಾಕ್ಷಿ. ಎಬ್ಸ್ಕೋ ಎಂಬ ವಿತರಕರ ಡೇಟಾಬೇಸ್ ಮೂಲಕ ಬರುವ ಅದರ ಲೇಖನಗಳಿಗೆ, ಇವು ವೈಯಕ್ತಿಕ ಓದಿಗೆ ಮಾತ್ರ, ತರಗತಿಗೆ ಪಠ್ಯವಾಗಿ ನಿಗದಿ ಮಾಡಲು ಅಲ್ಲ ಎಂಬ ಷರತ್ತು ಅಂಟಿಕೊಂಡೇ ಬರುತ್ತದೆ. ಸಾಲದ್ದಕ್ಕೆ 2013ರಲ್ಲಿ ಅತಿ ಹೆಚ್ಚು ಓದುವ 500 ಲೇಖನಗಳನ್ನು ತೆರೆಯ ಮೇಲೆ ಓದಲು ಮಾತ್ರ ಬಿಟ್ಟು, ಮುದ್ರಣವನ್ನೂ ಡೌನ್‌ಲೋಡನ್ನೂ ನಿಲ್ಲಿಸಲಾಯಿತು. ವಿದ್ಯಾರ್ಥಿಗಳಿಗಾಗಿಯೇ ಚಂದಾ ಕಟ್ಟುವ ಸಂಸ್ಥೆಯಲ್ಲಿ, ಅಧ್ಯಾಪಕರು ಒಂದು ಲೇಖನವನ್ನು ಓದಿಕೊಂಡು ಬನ್ನಿ ಎಂದು ಹೇಳಲು ಹಿಂಜರಿಯುವಂತಾಯಿತು.

ಇಂಥ ಷರತ್ತನ್ನು ಹಿಡಿಯುವ ದಾರಿ ಒಂದೇ. ಕರಾರಿನ ಪ್ರತಿ ಸಾಲನ್ನೂ ಕೌಂಟರಿನ ಕಡೆಯಿಂದ ಓದಬೇಕು. ನಾಳೆ ಒಬ್ಬ ಓದುಗ, ಒಬ್ಬ ಅಧ್ಯಾಪಕಿ, ಇನ್ನೊಂದು ಕಾಲೇಜಿನ ಗ್ರಂಥಪಾಲಕರು ಬಂದು ಇದನ್ನು ಕೇಳಿದರೆ ಈ ಸಾಲಿನ ಪ್ರಕಾರ ನಾವು ಏನು ಹೇಳಬೇಕಾಗುತ್ತದೆ? ಉತ್ತರ ನಾಚಿಕೆಗೇಡಿನದ್ದಾಗಿದ್ದರೆ ಆ ಸಾಲನ್ನು ತಿದ್ದಿಸಬೇಕು.

ಹಂತ 1: ರಿನ್ಯೂವಲ್ ದಿನಾಂಕದಿಂದ ಹಿಂದಕ್ಕೆ ಎಣಿಸಿ

ಮಾತುಕತೆಯಲ್ಲಿ ಸೋಲುವ ಗ್ರಂಥಾಲಯಗಳು ಸಾಮಾನ್ಯವಾಗಿ ವಾದದಲ್ಲಿ ಸೋತಿರುವುದಿಲ್ಲ, ಸಮಯದಲ್ಲಿ ಸೋತಿರುತ್ತವೆ. ಹೆಚ್ಚಿನ ಜರ್ನಲ್ ಚಂದಾ ಜನವರಿ 1ಕ್ಕೆ ಶುರುವಾಗುತ್ತದೆ. ಡಿಸೆಂಬರಿನಲ್ಲಿ ಕರಡು ಕೈಗೆ ಬಂದರೆ ಉಳಿಯುವ ಆಯ್ಕೆ ಎರಡೇ: ಕಣ್ಣು ಮುಚ್ಚಿ ಸಹಿ ಹಾಕುವುದು, ಇಲ್ಲವೇ ಪರೀಕ್ಷೆಯ ಹೊತ್ತಿಗೆ ಓದುಗರಿಗೆ ಬಾಗಿಲು ಮುಚ್ಚುವುದು.

ಮೊದಲು ಹಳೆಯ ಕರಾರಿನಲ್ಲಿ ಸ್ವಯಂ ನವೀಕರಣದ ಕಲಂ ಇದೆಯೇ ನೋಡಿ. "ಅವಧಿ ಮುಗಿಯುವ 60 ದಿನ ಅಥವಾ 90 ದಿನ ಮೊದಲು ಲಿಖಿತ ನೋಟಿಸ್ ಕೊಡದಿದ್ದರೆ ಇದೇ ಷರತ್ತಿನ ಮೇಲೆ ಮುಂದುವರಿಯುತ್ತದೆ" ಎಂಬ ಧಾಟಿಯಲ್ಲಿ ಅದು ಇರುತ್ತದೆ. ಡಿಸೆಂಬರ್ 31ಕ್ಕೆ ಅವಧಿ ಮುಗಿಯುವ, 90 ದಿನದ ನೋಟಿಸ್ ಬೇಡುವ ಕರಾರಿಗೆ ಕೊನೆಯ ದಿನ ಅಕ್ಟೋಬರ್ 2. ಆ ದಿನಾಂಕ ಒಬ್ಬರ ಡೈರಿಯಲ್ಲಿದ್ದರೆ ಸಾಲದು, ಇಲಾಖೆಯ ಸಾಮೂಹಿಕ ಕ್ಯಾಲೆಂಡರಿನಲ್ಲಿ ಇರಬೇಕು. ಜವಾಬ್ದಾರಿ ಹೊತ್ತವರು ವರ್ಗವಾಗಿ ಹೋದಾಗ ತಪ್ಪಿಹೋಗುವ ಮೊದಲ ಸಂಗತಿ ಇದೇ.

ಒಂಬತ್ತು ತಿಂಗಳು ಮುಂಚೆ ಬಳಕೆಯ ಅಂಕಿ ಎಳೆಯಿರಿ. ಆರು ತಿಂಗಳು ಮುಂಚೆ ಹೊಸ ಕರಡು ಕೇಳಿ. ನಾಲ್ಕು ತಿಂಗಳು ಇರುವಾಗ ನಿಮ್ಮ ತಿದ್ದುಪಡಿ ಅವರ ಕೈಯಲ್ಲಿರಲಿ. ಮಾರಾಟ ಪ್ರತಿನಿಧಿಗೆ ಬೆಲೆಯಲ್ಲಿ ಸ್ವಲ್ಪ ಸ್ವಾತಂತ್ರ್ಯ ಇರುತ್ತದೆ, ಷರತ್ತು ಬದಲಿಸುವ ಅಧಿಕಾರ ಇರುವುದು ಅಪರೂಪ. ಕಡತ ಅವರ ಕಾನೂನು ವಿಭಾಗಕ್ಕೆ ಹೋಗಿ ಬರಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ನೋಟಿಸ್ ದಿನ ಹತ್ತಿರ ಬಂದರೂ ಮಾತು ಮುಗಿಯದಿದ್ದರೆ, "ಮುಂದುವರಿಸುವ ಇಚ್ಛೆ ಇದೆ, ಆದರೆ ಹಾಲಿ ಷರತ್ತಿನ ಮೇಲೆ ಸ್ವಯಂ ನವೀಕರಣ ಬೇಡ" ಎಂದು ಪತ್ರ ಕೊಡಿ. ಇದರಿಂದ ಸಂಬಂಧ ಕೆಡುವುದಿಲ್ಲ, ಕೈ ಮಾತ್ರ ಸಡಿಲವಾಗಿರುತ್ತದೆ.

ಹಂತ 2: ಎಲ್ಲ ಕಾಗದಗಳನ್ನೂ ಒಂದೆಡೆ ಸೇರಿಸಿ

ಕರಾರು ಎಂದರೆ ಒಂದೇ ಕಡತ ಎಂದುಕೊಳ್ಳಬೇಡಿ. ಮೂಲ ಒಪ್ಪಂದ, ಆರ್ಡರ್ ಫಾರಂ, ಶೀರ್ಷಿಕೆಗಳ ಅನುಬಂಧ, ಹಿಂದಿನ ವರ್ಷಗಳ ತಿದ್ದುಪಡಿ ಪತ್ರಗಳು, ಇವೆಲ್ಲದರ ಜೊತೆಗೆ ಪ್ರಕಾಶಕರ ಜಾಲತಾಣದಲ್ಲಿರುವ ಬಳಕೆಯ ನಿಯಮಗಳು. ಕೊನೆಯದೇ ಅಪಾಯಕಾರಿ. "ಜಾಲತಾಣದ ನಿಯಮಗಳು ಕಾಲಕಾಲಕ್ಕೆ ಬದಲಾದಂತೆ ಈ ಒಪ್ಪಂದದ ಭಾಗವಾಗಿರುತ್ತವೆ" ಎಂಬ ಒಂದು ವಾಕ್ಯ ಒಳಗಿದ್ದರೆ, ತಿಂಗಳುಗಟ್ಟಲೆ ಕೂತು ತಿದ್ದಿಸಿದ ಕಲಂಗಳನ್ನು ಪ್ರಕಾಶಕರು ಒಂದು ಪುಟ ಬದಲಿಸಿ ಅಳಿಸಿಹಾಕಬಹುದು.

ಅದಕ್ಕೆ ಎರಡು ಸಾಲು ಸೇರಿಸಿ. ಒಂದು, ಈ ಒಪ್ಪಂದಕ್ಕೂ ಜಾಲತಾಣದ ನಿಯಮಕ್ಕೂ ವ್ಯತ್ಯಾಸ ಬಂದರೆ ಒಪ್ಪಂದದ ಮಾತೇ ಅಂತಿಮ. ಇನ್ನೊಂದು, ಓದುಗರು ಪುಟ ತೆರೆಯುವಾಗ "ಒಪ್ಪಿದ್ದೇನೆ" ಎಂದು ಒತ್ತಿದರೂ ಅದರಿಂದ ಸಂಸ್ಥೆಯ ಅಥವಾ ಓದುಗರ ಹಕ್ಕು ಕಡಿಮೆಯಾಗದು. ಏಜೆಂಟರ ಮೂಲಕ ಕೊಳ್ಳುವವರು ಇನ್ನೊಂದು ನೋಡಬೇಕು: ಏಜೆಂಟರ ಇನ್‌ವಾಯ್ಸ್ ಇದ್ದ ಮಾತ್ರಕ್ಕೆ ಲೈಸೆನ್ಸ್ ಇದೆ ಎಂದಲ್ಲ. ಎಷ್ಟೋ ಗ್ರಂಥಾಲಯಗಳಲ್ಲಿ ಇನ್‌ವಾಯ್ಸ್ ಮಾತ್ರ ಇರುತ್ತದೆ, ಸಹಿಯಾದ ಕರಾರಿನ ಪ್ರತಿ ಸಿಗುವುದೇ ಇಲ್ಲ. ಇಲ್ಲದಿದ್ದರೆ ಪ್ರಕಾಶಕರಿಂದಲೇ ಪ್ರತಿ ತರಿಸಿಕೊಳ್ಳಿ.

ಹಂತ 3: ಕಾನೂನು ಕೊಡುವುದೆಷ್ಟು, ಕರಾರು ಕಸಿಯಬಹುದಾದದ್ದೆಷ್ಟು

ಹಕ್ಕುಸ್ವಾಮ್ಯ ಕಾಯ್ದೆ ಸಂಶೋಧನೆಗೆ, ಬೋಧನೆಗೆ, ಗ್ರಂಥಾಲಯಕ್ಕೆ ಕೊಡುವ ವಿನಾಯಿತಿಗಳನ್ನು ಕರಾರಿನ ಮೂಲಕ ಬಿಟ್ಟುಕೊಡಬಹುದೇ? ಇದು ದೇಶದಿಂದ ದೇಶಕ್ಕೆ ಬೇರೆ. ಯುರೋಪಿನ ಒಕ್ಕೂಟದ 2019ರ ಡಿಜಿಟಲ್ ಮಾರುಕಟ್ಟೆ ಹಕ್ಕುಸ್ವಾಮ್ಯ ನಿರ್ದೇಶನದ 7ನೇ ವಿಧಿಯ ಪ್ರಕಾರ, ಸಂಶೋಧನಾ ಸಂಸ್ಥೆಗಳ ಪಠ್ಯ ಮತ್ತು ದತ್ತಾಂಶ ಗಣಿಗಾರಿಕೆ (ರಾಶಿ ಲೇಖನಗಳನ್ನು ಕಂಪ್ಯೂಟರಿನಿಂದ ವಿಶ್ಲೇಷಿಸುವುದು), ಡಿಜಿಟಲ್ ಬೋಧನೆ, ಸಂರಕ್ಷಣೆ ಈ ಮೂರಕ್ಕೆ ಅಡ್ಡ ಬರುವ ಕರಾರಿನ ಮಾತು ಊರ್ಜಿತವಾಗದು. ಬ್ರಿಟನ್ನಿನಲ್ಲಿ 2014ರ ತಿದ್ದುಪಡಿಯಿಂದ ವಾಣಿಜ್ಯೇತರ ಸಂಶೋಧನೆಯ ಗಣಿಗಾರಿಕೆಗೆ ಅಂಥದೇ ರಕ್ಷಣೆ ಸಿಕ್ಕಿತು. ಅಮೆರಿಕದಲ್ಲಿ ತದ್ವಿರುದ್ಧ: ಅಲ್ಲಿನ ಕಾಯ್ದೆಯ 108ನೇ ಕಲಂ ಗ್ರಂಥಾಲಯಗಳಿಗೆ ನಕಲಿನ ವಿನಾಯಿತಿ ಕೊಡುತ್ತಲೇ, ಗ್ರಂಥಾಲಯ ಒಪ್ಪಿಕೊಂಡ ಕರಾರಿನ ಬಾಧ್ಯತೆಗೆ ಇದರಿಂದ ಧಕ್ಕೆಯಿಲ್ಲ ಎಂದೂ ಹೇಳಿಬಿಡುತ್ತದೆ.

ಕಾಯ್ದೆ ಈ ವಿಷಯದಲ್ಲಿ ಮೌನವಾಗಿರುವ ಕಡೆಗಳಲ್ಲಿ ಕರಾರೇ ಮೇಲುಗೈ ಎಂದು ಭಾವಿಸಿ ಓದುವುದು ಕ್ಷೇಮ. ಹಾಗಾಗಿ ಎಲ್ಲ ಕರಾರುಗಳಿಗೂ ತಪ್ಪದೆ ಸೇರಿಸಬೇಕಾದ ವಾಕ್ಯ ಒಂದಿದೆ: "ಅನ್ವಯವಾಗುವ ಹಕ್ಕುಸ್ವಾಮ್ಯ ಕಾನೂನಿನಲ್ಲಿ ಸಂಸ್ಥೆಗೆ ಅಥವಾ ಬಳಕೆದಾರರಿಗೆ ಇರುವ ಯಾವ ಹಕ್ಕನ್ನೂ, ವಿನಾಯಿತಿಯನ್ನೂ ಈ ಒಪ್ಪಂದ ಮೊಟಕುಗೊಳಿಸುವುದಿಲ್ಲ." ಮಾತುಕತೆಯಲ್ಲಿ ಒಂದೇ ಒಂದು ಸಾಲು ಗೆಲ್ಲುವ ಶಕ್ತಿ ಇದ್ದರೆ ಅದು ಈ ಸಾಲಾಗಲಿ.

ಹಂತ 4: ಕಲಂಗಳನ್ನು ಓದುವ ಕ್ರಮ

ಕರಾರಿನ ಪ್ರತಿ ಮುದ್ರಿಸಿ, ಮೂರು ಬಣ್ಣದ ಪೆನ್ನು ಹಿಡಿದು ಕೂರಿ. ಬಿಡಲಾಗದ್ದಕ್ಕೆ ಒಂದು, ಬದಲಾದರೆ ಒಳ್ಳೆಯದು ಎನ್ನುವುದಕ್ಕೆ ಇನ್ನೊಂದು, ಅರ್ಥ ಸ್ಪಷ್ಟವಿಲ್ಲ ಎನ್ನುವುದಕ್ಕೆ ಮೂರನೆಯದು. ವ್ಯಾಖ್ಯೆಗಳ ಭಾಗದಿಂದಲೇ ಶುರುಮಾಡಿ, ಏಕೆಂದರೆ ಬಹುಪಾಲು ನಿರ್ಬಂಧ ಅಲ್ಲಿಯೇ ಅಡಗಿರುತ್ತದೆ.

ಅಧಿಕೃತ ಬಳಕೆದಾರರು ಯಾರು? "ಪೂರ್ಣಾವಧಿ ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ" ಎಂದಿದ್ದರೆ ಅತಿಥಿ ಉಪನ್ಯಾಸಕರು, ಅರೆಕಾಲಿಕ ವಿದ್ಯಾರ್ಥಿಗಳು, ನಿವೃತ್ತ ಪ್ರಾಧ್ಯಾಪಕರು, ಯೋಜನಾ ಸಹಾಯಕರು, ಸಂಯೋಜಿತ ಆಸ್ಪತ್ರೆಯ ವೈದ್ಯರು ಎಲ್ಲರೂ ಹೊರಗೆ. ಗ್ರಂಥಾಲಯಕ್ಕೆ ನಡೆದು ಬಂದು ಅಲ್ಲಿನ ಕಂಪ್ಯೂಟರಿನಲ್ಲಿ ಓದುವ ಸಾರ್ವಜನಿಕರನ್ನೂ ಹೆಸರಿಸಿ ಸೇರಿಸಿ. ಸ್ಥಳದ ವ್ಯಾಖ್ಯೆಯನ್ನು ಅದರ ಪಕ್ಕದಲ್ಲೇ ನೋಡಿ. ಒಂದೇ ಆವರಣ ಎಂದಿದ್ದರೆ ಮನೆಯಿಂದ ಪ್ರಾಕ್ಸಿ (ಹೊರಗಿರುವ ಓದುಗರನ್ನು ಸಂಸ್ಥೆಯ ಜಾಲದ ಮೂಲಕ ಒಳಬಿಡುವ ಸರ್ವರ್) ಮೂಲಕ ಓದುವವರು, ಕ್ಷೇತ್ರಕಾರ್ಯಕ್ಕೆ ಬೇರೆ ದೇಶಕ್ಕೆ ಹೋದವರು ಏನಾಗುತ್ತಾರೆ ಎಂದು ಕೇಳಿ ಬರೆಸಿಕೊಳ್ಳಿ.

ಅಂತರ ಗ್ರಂಥಾಲಯ ಎರವಲಿನ ಕಲಂ ಮೂರು ರೂಪದಲ್ಲಿ ಬರುತ್ತದೆ. ಪೂರಾ ನಿಷೇಧ ಮೊದಲನೆಯದು. ಎರಡನೆಯದು ಹಳೆಯ ಕಾಲದ ಉಳಿಕೆ: ಲೇಖನವನ್ನು ಮೊದಲು ಮುದ್ರಿಸಬೇಕು, ಆ ಮುದ್ರಿತ ಪ್ರತಿಯನ್ನು ಸ್ಕ್ಯಾನ್ ಮಾಡಿ ಕಳಿಸಬೇಕು, ಮೂಲ ಪಿಡಿಎಫ್ ಕಳಿಸಬಾರದು. ಇದರಿಂದ ಪ್ರಕಾಶಕರಿಗೆ ಏನೂ ಉಳಿಯುವುದಿಲ್ಲ, ಸಿಬ್ಬಂದಿಯ ಹೊತ್ತು, ಕಾಗದ ಹಾಳು. ಅಷ್ಟೇ ಅಲ್ಲ, ಸ್ಕ್ಯಾನ್ ಪ್ರತಿಯನ್ನು ದೃಷ್ಟಿ ಸವಾಲಿರುವ ಓದುಗರ ಸ್ಕ್ರೀನ್ ರೀಡರ್ ಓದಲಾರದು. ಮೂರನೆಯದು ದೇಶದ ಗಡಿಯೊಳಗೆ ಮಾತ್ರ ಎಂಬುದು. ನೀವು ಕೇಳಬೇಕಾದ್ದು ಇಷ್ಟು: ವಾಣಿಜ್ಯೇತರ ಗ್ರಂಥಾಲಯದ ಓದುಗರೊಬ್ಬರ ಅಧ್ಯಯನಕ್ಕಾಗಿ, ಸುರಕ್ಷಿತ ವಿದ್ಯುನ್ಮಾನ ಮಾರ್ಗದಲ್ಲಿ, ಒಂದು ಲೇಖನ ಅಥವಾ ಅಧ್ಯಾಯವನ್ನು ಕಳಿಸಬಹುದು. ಇ-ಬುಕ್ ಕರಾರುಗಳಲ್ಲಿ ಅಧ್ಯಾಯ ಎಂಬ ಪದ ಇದೆಯೇ ಎಂದು ಪ್ರತ್ಯೇಕವಾಗಿ ನೋಡಿ. ಅದನ್ನು ಬಿಟ್ಟುಬಿಡುವುದು ರೂಢಿಯಾಗಿದೆ.

ಬೋಧನೆಗೆ ಬಳಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಲಿಕಾ ವೇದಿಕೆಯಲ್ಲಿ ಕೊಂಡಿ ಹಾಕುವುದು, ಪಿಡಿಎಫ್ ಹಾಕುವುದು, ಮುದ್ರಿತ ಪಠ್ಯಸಂಚಿಕೆ ಮಾಡುವುದು ಮೂರನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಸಂಶೋಧಕರು ತಮ್ಮ ಪ್ರಬಂಧದಲ್ಲಿ ಚಿತ್ರ, ಕೋಷ್ಟಕ ಬಳಸುವುದನ್ನೂ ಜೊತೆಗೆ ಸೇರಿಸಿ.

ಕೃತಕ ಬುದ್ಧಿಮತ್ತೆಯ ಕಲಂ ಈಚಿನ ಕರಡುಗಳಲ್ಲಿ ಹೊಸದಾಗಿ ನುಸುಳಿದೆ. ಹೆಚ್ಚು ಹಾನಿ ಮಾಡುವುದು ಬೀಸು ಮಾತಿನ ನಿಷೇಧ: "ಯಾವುದೇ ಎಐ ಸಾಧನದೊಂದಿಗೆ ಈ ವಸ್ತುವನ್ನು ಬಳಸುವಂತಿಲ್ಲ." ಇದನ್ನು ಅಕ್ಷರಶಃ ಹಿಡಿದರೆ ಅನುವಾದ ತಂತ್ರಾಂಶ, ಅಕ್ಷರ ಗುರುತಿಸುವ ತಂತ್ರಾಂಶ, ಉಲ್ಲೇಖ ನಿರ್ವಹಣೆಯ ಸಾಧನ, ಅಂಗವಿಕಲರಿಗೆ ನೆರವಾಗುವ ಓದುಯಂತ್ರ ಎಲ್ಲವೂ ನಿಷಿದ್ಧ. ವರ್ಷಗಳಿಂದ ಸಂಖ್ಯಾಶಾಸ್ತ್ರೀಯ ವಿಧಾನದಲ್ಲಿ ಪಠ್ಯ ಗಣಿಗಾರಿಕೆ ಮಾಡುತ್ತಿರುವ ಸಂಶೋಧಕಿಯೂ ಉಲ್ಲಂಘನೆಗಾರ್ತಿ. ಗ್ರಂಥಾಲಯ ಕನ್ಸೋರ್ಷಿಯಂಗಳ (ಒಟ್ಟಾಗಿ ಚಂದಾ ಮಾತುಕತೆ ನಡೆಸುವ ಗ್ರಂಥಾಲಯಗಳ ಕೂಟಗಳ) ಅಂತರರಾಷ್ಟ್ರೀಯ ಒಕ್ಕೂಟ ಐಕೋಲ್ಕ್ 2024ರ ಮಾರ್ಚಿನಲ್ಲಿ ಈ ವಿಷಯಕ್ಕೇ ಹೇಳಿಕೆ ಹೊರಡಿಸಿತು, ಅಂದರೆ ಈ ಕಿರುಕುಳ ನಿಮ್ಮೊಬ್ಬರದ್ದಲ್ಲ.

ತಿದ್ದುವಾಗ ಮೂರು ಬಳಕೆಗಳನ್ನು ಬಿಡಿಸಿ ಇಡಿ. ಪ್ರಕಾಶಕರ ವಸ್ತುವನ್ನು ಹಾಕಿ ಸಾರ್ವಜನಿಕ ಮಾದರಿಯೊಂದನ್ನು ತರಬೇತುಗೊಳಿಸುವುದು ಒಂದು, ಅದರ ನಿಷೇಧವನ್ನು ಒಪ್ಪಬಹುದು. ಸಂಶೋಧಕರು ತಮ್ಮ ಸುರಕ್ಷಿತ ವ್ಯವಸ್ಥೆಯೊಳಗೆ ಪಠ್ಯವನ್ನು ವಿಶ್ಲೇಷಿಸುವುದು ಎರಡು, ಇದನ್ನು ಬಿಟ್ಟುಕೊಡಬಾರದು. ಓದುಗರೊಬ್ಬರು ಒಂದು ಲೇಖನದ ಸಾರಾಂಶಕ್ಕೋ ಅನುವಾದಕ್ಕೋ ಸಾಧನ ಬಳಸುವುದು ಮೂರು. ಇಲ್ಲಿ "ಕೊಟ್ಟ ಪಠ್ಯವನ್ನು ಆ ಸಾಧನ ಉಳಿಸಿಕೊಳ್ಳಬಾರದು, ತರಬೇತಿಗೆ ಬಳಸಬಾರದು" ಎಂಬ ಮಿತಿಯೊಡನೆ ಅನುಮತಿ ಕೇಳಿ. ಓದುಗರ ಎಐ ಬಳಕೆಯ ಮೇಲೆ ಗ್ರಂಥಾಲಯ ನಿಗಾ ಇಡಬೇಕು ಎಂಬ ಮಾತು ಕಂಡರೆ ಹೊಡೆದು ಹಾಕಿ. ಅದನ್ನು ಪಾಲಿಸುವುದು ಯಾರಿಂದಲೂ ಆಗದು, ಆಗುವಂತಿದ್ದರೂ ಮಾಡಬಾರದ ಕೆಲಸ ಅದು.

ಶಾಶ್ವತ ಪ್ರವೇಶದ ಕಲಂನಲ್ಲಿ "ಶಾಶ್ವತ" ಎಂಬ ಪದ ಕಂಡ ಕೂಡಲೇ ಸಮಾಧಾನಪಡಬೇಡಿ. ಚಂದಾ ಕಟ್ಟಿದ ವರ್ಷಗಳ ಸಂಚಿಕೆಗಳು ರದ್ದಾದ ಮೇಲೂ ಸಿಗುತ್ತವೆ ಎಂದಿದ್ದರೆ, ಮುಂದಿನ ಪ್ರಶ್ನೆ ಹೇಗೆ ಸಿಗುತ್ತವೆ ಎಂಬುದು. ಪ್ರಕಾಶಕರ ವೇದಿಕೆಯಲ್ಲೋ? ಅದಕ್ಕೆ ವಾರ್ಷಿಕ ಶುಲ್ಕ ಇದೆಯೋ? ಅವರ ವೇದಿಕೆಯೇ ನಿಂತರೆ ಏನು ಗತಿ? ಪೋರ್ಟಿಕೋ, ಕ್ಲಾಕ್ಸ್ ತರಹದ ಸಂರಕ್ಷಣಾ ವ್ಯವಸ್ಥೆಗಳಲ್ಲಿ ಜರ್ನಲ್ ಇದೆಯೇ, ರದ್ದತಿಯ ನಂತರದ ಪ್ರವೇಶಕ್ಕೆ ಆ ವ್ಯವಸ್ಥೆಯನ್ನು ಬಳಸಲು ಪ್ರಕಾಶಕರು ಒಪ್ಪಿದ್ದಾರೆಯೇ ಎಂದು ಕೇಳಿ. ಇವೆರಡು ಬೇರೆ ಪ್ರಶ್ನೆಗಳು. ಪ್ರಕಾಶಕರು ಮುಳುಗಿಹೋದಾಗ ಮಾತ್ರ ತೆರೆಯುವ ಸಂಗ್ರಹ, ನೀವು ಚಂದಾ ನಿಲ್ಲಿಸಿದಾಗ ತೆರೆಯುವುದಿಲ್ಲ. ಜರ್ನಲ್ ಇನ್ನೊಬ್ಬ ಪ್ರಕಾಶಕರ ಕೈಗೆ ಹೋದಾಗಲೂ ನಿಮ್ಮ ಹಕ್ಕು ಅದರ ಜೊತೆ ಹೋಗುತ್ತದೆ ಎಂದು ಬರೆಸಿಕೊಳ್ಳಿ.

ಶೀರ್ಷಿಕೆ ಹಿಂತೆಗೆತದ ಕಲಂ ಇ-ಬುಕ್ ಸಂಗ್ರಹಗಳಲ್ಲಿ ನಿಜವಾಗಿ ಕಚ್ಚುತ್ತದೆ. 2022ರ ಆಗಸ್ಟ್ ಕೊನೆಗೆ ವೈಲಿ ಪ್ರಕಾಶನ ಪ್ರೊಕ್ವೆಸ್ಟ್ ಎಂಬ ವಿತರಕರ ಅಕಾಡೆಮಿಕ್ ಕಂಪ್ಲೀಟ್ ಸಂಗ್ರಹದಿಂದ 1,379 ಇ-ಬುಕ್‌ಗಳನ್ನು ಹಿಂತೆಗೆಯಿತು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುರುವಾಗುತ್ತಿದ್ದ ಹೊತ್ತು ಅದು, ಎಷ್ಟೋ ಪುಸ್ತಕಗಳು ಪಠ್ಯಪಟ್ಟಿಯಲ್ಲಿದ್ದವು. ವ್ಯಾಪಕ ವಿರೋಧ ಬಂದ ಮೇಲೆ ತಾತ್ಕಾಲಿಕವಾಗಿ ಮರಳಿಸಿದರು. ಕರಾರಿನಲ್ಲಿ ಹಿಂತೆಗೆಯುವ ಹಕ್ಕು ಅವರಿಗೆ ಇತ್ತೆಂಬುದೇ ಇಲ್ಲಿನ ಪಾಠ. ನೀವು ಕೇಳಬೇಕಾದ್ದು: ಕನಿಷ್ಠ 60 ದಿನದ ಲಿಖಿತ ಸೂಚನೆ, ಚಂದಾ ಅವಧಿಯ ನಡುವೆ ಹಿಂತೆಗೆತ ಬೇಡ, ಹಕ್ಕಿನ ತಕರಾರಿನಿಂದ ಅನಿವಾರ್ಯವಾದರೆ ಪ್ರಮಾಣಕ್ಕೆ ತಕ್ಕಂತೆ ಹಣ ವಾಪಸ್, ದೊಡ್ಡ ಪಾಲು ಹೋದರೆ ಕರಾರಿನಿಂದಲೇ ಹೊರಬರುವ ಹಕ್ಕು. ಪಠ್ಯಪಟ್ಟಿಯಲ್ಲಿರುವ ಪುಸ್ತಕಗಳನ್ನು ಇಂಥ ಬದಲಾಗುವ ಸಂಗ್ರಹದ ಭರವಸೆಯ ಮೇಲೆ ಬಿಡದೆ ಬಿಡಿಬಿಡಿಯಾಗಿ ಕೊಳ್ಳುವುದು ಮೇಲು.

ಗೌಪ್ಯತೆಯ ಕಲಂ ಎಂದರೆ ನೀವು ಕೊಟ್ಟ ಬೆಲೆಯನ್ನು ಪಕ್ಕದ ವಿಶ್ವವಿದ್ಯಾಲಯಕ್ಕೆ ಹೇಳಬಾರದು ಎಂಬುದು. ಉತ್ತರ ಅಮೆರಿಕದ ಸಂಶೋಧನಾ ಗ್ರಂಥಾಲಯಗಳ ಸಂಘ 2009ರಲ್ಲೇ ತನ್ನ ಸದಸ್ಯರಿಗೆ ಇಂಥ ಕಲಂಗೆ ಒಪ್ಪಬೇಡಿ ಎಂದು ಸಲಹೆ ಕೊಟ್ಟಿತ್ತು. ಸಾರ್ವಜನಿಕ ಹಣದ ಸಂಸ್ಥೆಯಾಗಿದ್ದರೆ ಮಾಹಿತಿ ಹಕ್ಕಿನ ಕಾನೂನನ್ನು ಮುಂದಿಟ್ಟು ನಿರಾಕರಿಸಿ. ಪೂರಾ ತೆಗೆಸಲಾಗದಿದ್ದರೆ ಓದುಗರ ಮಾಹಿತಿ ಮತ್ತು ಪ್ರಕಾಶಕರ ತಾಂತ್ರಿಕ ಗುಟ್ಟಿಗಷ್ಟೇ ಅದನ್ನು ಸೀಮಿತಗೊಳಿಸಿ.

ಇನ್ನು ಹೊಣೆಗಾರಿಕೆಯ ಭಾಗ. ಇಲ್ಲಿ ಕ್ರಿಯಾಪದಗಳ ಮೇಲೆ ಕಣ್ಣಿಡಿ. "ಬಳಕೆದಾರರು ಷರತ್ತು ಪಾಲಿಸುವಂತೆ ಗ್ರಂಥಾಲಯ ಖಚಿತಪಡಿಸತಕ್ಕದ್ದು" ಎಂದಿದ್ದರೆ ಸಾವಿರಾರು ಜನರ ನಡತೆಗೆ ನೀವು ಜಾಮೀನು ನಿಂತಂತೆ. ಅದನ್ನು "ಷರತ್ತುಗಳನ್ನು ತಿಳಿಸಲು ಸಮಂಜಸ ಪ್ರಯತ್ನ ಮಾಡುತ್ತದೆ, ಉಲ್ಲಂಘನೆ ಗಮನಕ್ಕೆ ಬಂದರೆ ಕ್ರಮ ಕೈಗೊಳ್ಳುತ್ತದೆ" ಎಂದು ಬದಲಿಸಿ. ಮೂರನೆಯವರ ತಪ್ಪಿಗೆ ಸಂಸ್ಥೆ ನಷ್ಟ ತುಂಬಿಕೊಡಬೇಕೆಂಬ ಮಾತು, ವಿದೇಶಿ ನ್ಯಾಯಾಲಯದ ವ್ಯಾಪ್ತಿ ಇವೆರಡನ್ನೂ ಸಂಸ್ಥೆಯ ಕಾನೂನು ಸಲಹೆಗಾರರಿಗೆ ತೋರಿಸದೆ ಒಪ್ಪಬೇಡಿ. ನ್ಯಾಯವ್ಯಾಪ್ತಿಯಲ್ಲಿ ಪಟ್ಟು ಬಿಡದಿದ್ದರೆ ಆ ಕಲಂ ಬಗ್ಗೆ ಎರಡೂ ಕಡೆ ಮೌನ ವಹಿಸುವುದು ಹಲವರು ಅನುಸರಿಸುವ ದಾರಿ.

ಹಂತ 5: ಅಂಕಿಗಳನ್ನು ಸರಿಯಾಗಿ ಲೆಕ್ಕ ಹಾಕಿ

ಷರತ್ತಿನ ಮಾತುಕತೆಗೂ ಬಳಕೆಯ ಅಂಕಿಗೂ ಏನು ಸಂಬಂಧ ಎನ್ನಬಹುದು. ಬಿಟ್ಟುಹೋಗುವ ಧೈರ್ಯ ಇದ್ದವರ ಮಾತಿಗಷ್ಟೇ ಬೆಲೆ, ಆ ಧೈರ್ಯ ಬರುವುದು ಅಂಕಿಯಿಂದ.

ಇ-ಸಂಪನ್ಮೂಲಗಳ ಬಳಕೆಯನ್ನು ಎಣಿಸುವ ನಿಯಮ ರೂಪಿಸುವ ಕೌಂಟರ್ ಸಂಸ್ಥೆಯ ಮಾನದಂಡಕ್ಕೆ ಹೊಂದುವ ವರದಿಗಳನ್ನೇ ಬಳಸಿ. 2019ರ ಜನವರಿಯಿಂದ ಅದರ ಐದನೆಯ ಆವೃತ್ತಿ, 2025ರ ಜನವರಿಯಿಂದ ಅದರ ಪರಿಷ್ಕೃತ ರೂಪ 5.1 ಜಾರಿಗೆ ಬಂದಿದೆ. ಜರ್ನಲ್‌ಗಳಿಗೆ ನಾಲ್ಕು ವರದಿ ಇವೆ: ಟಿಆರ್ (ಶೀರ್ಷಿಕೆವಾರು ವರದಿ) ಜೆ1 ಲೇಖನಗಳ ಬಳಕೆ, ಜೆ2 ನಿರಾಕರಣೆ (ಪ್ರವೇಶ ಸಿಗದೆ ವಾಪಸಾದದ್ದು), ಜೆ3 ಮುಕ್ತ ಪ್ರವೇಶ ಮತ್ತು ಚಂದಾ ಬಳಕೆಯ ವಿಂಗಡಣೆ, ಜೆ4 ಪ್ರಕಟಣೆಯ ವರ್ಷವಾರು ಬಳಕೆ. ಜೆ1 ಮತ್ತು ಜೆ4ರಲ್ಲಿ ಚಿನ್ನದ ದರ್ಜೆಯ (ಪ್ರಕಾಶಕರೇ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟ) ಮುಕ್ತ ಲೇಖನಗಳು ಸೇರಿರುವುದಿಲ್ಲ. ಜೆ4ನ್ನು ಎಷ್ಟೋ ಕಡೆ ತೆರೆದೇ ನೋಡುವುದಿಲ್ಲ, ನಿಜವಾದ ಬಲ ಇರುವುದು ಅಲ್ಲೇ. ಒಂದು ಲೆಕ್ಕ ನೋಡಿ. ವೇದಿಕೆಯಲ್ಲಿ ವರ್ಷಕ್ಕೆ 10,000 ಬಳಕೆ ಎಂದು ಪ್ರತಿನಿಧಿ ಹೇಳುತ್ತಾರೆ ಎನ್ನಿ. ಅದರಲ್ಲಿ 2,500 ಮುಕ್ತ ಲೇಖನಗಳದ್ದು. ಉಳಿದ 7,500ರಲ್ಲಿ 3,000 ನಿಮಗೆ ಈಗಾಗಲೇ ಶಾಶ್ವತ ಹಕ್ಕಿರುವ ಹಳೆಯ ವರ್ಷಗಳದ್ದು. ಅಂದರೆ ಹೊಸ ಚಂದಾ ಹಣ ಕೊಂಡುತರುವುದು 4,500 ಬಳಕೆಯನ್ನು ಮಾತ್ರ. ಶುಲ್ಕವನ್ನು ಭಾಗಿಸಬೇಕಾದ್ದು ಈ ಸಂಖ್ಯೆಯಿಂದ. ಪ್ರತಿ ಬಳಕೆಯ ವೆಚ್ಚ ಒಮ್ಮೆಲೇ ಎರಡು ಪಟ್ಟು ದಾಟುತ್ತದೆ. ಉಳಿದವುಗಳಲ್ಲೂ ಲೇಖಕರೇ ಭಂಡಾರಗಳಲ್ಲಿ ಇಟ್ಟ ಪ್ರತಿಗಳು ಎಷ್ಟಿವೆ ಎಂಬುದನ್ನು, ಉಚಿತವಾಗಿ ಸಿಗುವ ಲೇಖನಗಳನ್ನು ಪಟ್ಟಿ ಮಾಡುವ ಅನ್‌ಪೇವಾಲ್ ದತ್ತಾಂಶದಿಂದ ತಿಳಿಯಬಹುದು.

ಇ-ಬುಕ್‌ಗಳಿಗೆ ಟಿಆರ್ ಬಿ2 ನೋಡಿ. ಏಕಕಾಲಕ್ಕೆ ಒಬ್ಬರು ಅಥವಾ ಮೂವರು ಓದುವ ಲೈಸೆನ್ಸ್ ಇದ್ದಲ್ಲಿ, ಮಿತಿ ಮೀರಿ ವಾಪಸ್ ಕಳಿಸಿದವರ ಸಂಖ್ಯೆ ಅಲ್ಲಿದೆ. ಪರೀಕ್ಷೆಯ ಹಿಂದಿನ ವಾರದ ನಿರಾಕರಣೆಗಳೇ ಹೆಚ್ಚು ಎಂದು ಕಂಡರೆ, ವರ್ಷಪೂರ್ತಿ ಅನಿಯಮಿತ ಲೈಸೆನ್ಸಿಗೆ ಹಣ ಸುರಿಯುವ ಬದಲು ಆ ಅವಧಿಗೆ ಮಾತ್ರ ಮಿತಿ ಸಡಿಲಿಸಲು ಕೇಳಬಹುದು.

ಹಂತ 6: ತಿದ್ದಿ ಕಳಿಸುವುದು, ಪಟ್ಟು ಹಿಡಿಯುವುದು

ಷರತ್ತು ಮೊದಲು, ಬೆಲೆ ಆಮೇಲೆ. ಬೆಲೆ ಒಪ್ಪಿದ ಮೇಲೆ ಕಲಂ ಬದಲಿಸಲು ಯಾರಿಗೂ ಅವಸರ ಇರುವುದಿಲ್ಲ. ದೂರು ಬರೆಯಬೇಡಿ, ಬದಲಿ ವಾಕ್ಯ ಬರೆದು ಕಳಿಸಿ. ಕರಡಿನಲ್ಲಿಯೇ ಬದಲಾವಣೆ ಕಾಣುವಂತೆ ಅಳಿಸಿ, ಸೇರಿಸಿ, ಪಕ್ಕದಲ್ಲಿ ಒಂದೇ ಸಾಲಿನ ಕಾರಣ ಕೊಡಿ. ವಾಕ್ಯಗಳನ್ನು ಹೊಸದಾಗಿ ಹೆಣೆಯುವ ಅಗತ್ಯವಿಲ್ಲ. ಲಿಬ್‌ಲೈಸೆನ್ಸ್ ಯೋಜನೆಯ ಮಾದರಿ ಲೈಸೆನ್ಸ್ ಮುಕ್ತವಾಗಿ ಸಿಗುತ್ತದೆ, ಪ್ರಕಾಶಕರಿಗೂ ಅದು ಪರಿಚಿತ. ಸಣ್ಣ ಪ್ರಕಾಶಕರ ಜೊತೆಗಾದರೆ ಲೈಸೆನ್ಸೇ ಬೇಡ ಎನ್ನಬಹುದು. ಅಮೆರಿಕದ ಮಾಹಿತಿ ಮಾನದಂಡ ಸಂಸ್ಥೆ ನೈಸೋ 2008ರಲ್ಲಿ ಹೊರತಂದ ಸೇರು ಎಂಬ ಪರಸ್ಪರ ತಿಳಿವಳಿಕೆಯ ಪತ್ರವನ್ನು ಎರಡೂ ಕಡೆ ಒಪ್ಪಿ, ಹಕ್ಕುಸ್ವಾಮ್ಯ ಕಾನೂನಿನ ಮೇಲೆಯೇ ವ್ಯವಹಾರ ನಡೆಸುವ ಪದ್ಧತಿ ಅದು.

"ಈ ರಿಯಾಯಿತಿ ಶುಕ್ರವಾರದವರೆಗೆ ಮಾತ್ರ" ಎಂಬ ಮಾತಿಗೆ ಬೆದರಬೇಡಿ. "ಇದು ನಮ್ಮ ಪ್ರಮಾಣಿತ ಕಲಂ, ಯಾರಿಗೂ ಬದಲಿಸಿಲ್ಲ" ಎಂದರೆ ಕನ್ಸೋರ್ಷಿಯಂ ಸಹೋದ್ಯೋಗಿಗಳನ್ನು ಕೇಳಿ ನೋಡಿ. ಬದಲಿಸಿರುವುದು ಬಹಳ ಸಲ ಗೊತ್ತಾಗುತ್ತದೆ. ಗೌಪ್ಯತೆಯ ಕಲಂ ಏಕೆ ಬೇಡ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಫೋನಿನಲ್ಲಿ ಒಪ್ಪಿದ್ದೆಲ್ಲವನ್ನೂ ಅದೇ ದಿನ ಇಮೇಲ್‌ನಲ್ಲಿ ದೃಢಪಡಿಸಿಕೊಳ್ಳಿ, ನಂತರ ಕರಾರಿನೊಳಗೇ ತನ್ನಿ.

ಅಧ್ಯಾಪಕರನ್ನು ಮೊದಲೇ ಜೊತೆಗೆ ತೆಗೆದುಕೊಳ್ಳಿ. ಸ್ವೀಡನ್ನಿನ ಬಿಬ್‌ಸಾಮ್ ಕನ್ಸೋರ್ಷಿಯಂ 2018ರ ಜೂನ್ ಕೊನೆಗೆ ಎಲ್ಸೆವಿಯರ್ ಕರಾರನ್ನು ಬಿಟ್ಟಿತು, ಹೊಸ ಒಪ್ಪಂದ ಜಾರಿಗೆ ಬಂದದ್ದು 2020ರಿಂದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರ ಫೆಬ್ರುವರಿಯಲ್ಲಿ ಅದೇ ಪ್ರಕಾಶಕರ ಜೊತೆಗಿನ ಮಾತುಕತೆ ಮುರಿದು, 2021ರ ಮಾರ್ಚಿನಲ್ಲಿ ಹೊಸ ಒಪ್ಪಂದಕ್ಕೆ ಬಂತು. ಎರಡು ವರ್ಷದ ತೊಂದರೆಯನ್ನು ಗ್ರಂಥಾಲಯದ ಸಿಬ್ಬಂದಿ ಮಾತ್ರ ಹೊರಲಾಗದು. ಏನು ಕೇಳುತ್ತಿದ್ದೇವೆ, ಏಕೆ, ಸಿಗದಿದ್ದರೆ ಲೇಖನ ಯಾವ ದಾರಿಯಲ್ಲಿ ತರಿಸಿಕೊಡುತ್ತೇವೆ ಎಂಬ ಒಂದು ಪುಟದ ಟಿಪ್ಪಣಿ ವಿಭಾಗ ಮುಖ್ಯಸ್ಥರಿಗೆ ಮುಂಚೆಯೇ ತಲುಪಿರಬೇಕು.

ಏನು ಮಾಡಿದರೂ ಒಪ್ಪದಿದ್ದರೆ? ಬಹುವರ್ಷದ ಕರಾರಿನ ಬದಲು ಒಂದೇ ವರ್ಷಕ್ಕೆ ಸಹಿ ಹಾಕಿ, ಯಾವ ಕಲಂಗೆ ಆಕ್ಷೇಪವಿದೆ ಎಂದು ಪತ್ರ ಕೊಟ್ಟು ದಾಖಲಿಸಿ. ಅದೇ ವಸ್ತು ಬೇರೆ ವಿತರಕರಲ್ಲಿ ಬೇರೆ ಷರತ್ತಿನಲ್ಲಿ ಇದೆಯೇ ನೋಡಿ. ಇ-ಬುಕ್ ಆದರೆ ಮುದ್ರಿತ ಪ್ರತಿಯೇ ಉತ್ತಮ ಲೈಸೆನ್ಸ್ ಎಂಬ ಸಂದರ್ಭ ಕಡಿಮೆಯೇನಲ್ಲ.

ಹಂತ 7: ಸಹಿಯಾದ ಮೇಲೆ

ಗೆದ್ದ ಕಲಂ ಕಪಾಟಿನಲ್ಲಿ ಕೂತರೆ ಪ್ರಯೋಜನವಿಲ್ಲ. ಎರವಲು ವಿಭಾಗದ ಸಿಬ್ಬಂದಿಗೆ ಗೊತ್ತಿಲ್ಲದ ಕಾರಣಕ್ಕೇ, ಅನುಮತಿ ಇದ್ದ ಲೇಖನವನ್ನೂ "ಲೈಸೆನ್ಸ್ ಇಲ್ಲ" ಎಂದು ನಿರಾಕರಿಸುವುದು ಎಲ್ಲೆಡೆ ನಡೆಯುತ್ತದೆ. ಪ್ರತಿ ಕರಾರಿಗೂ ಒಂದು ಸಾಲಿನಂತೆ ಕೋಷ್ಟಕ ಮಾಡಿ. ಎರವಲು ಕಳಿಸಬಹುದೇ, ಯಾವ ರೂಪದಲ್ಲಿ. ಕಲಿಕಾ ವೇದಿಕೆಗೆ ಪಿಡಿಎಫ್ ಹಾಕಬಹುದೇ. ಹೊರಗಿನ ಓದುಗರಿಗೆ ತೋರಿಸಬಹುದೇ. ಗಣಿಗಾರಿಕೆಗೆ ಯಾರನ್ನು ಸಂಪರ್ಕಿಸಬೇಕು. ಶಾಶ್ವತ ಹಕ್ಕು ಯಾವ ವರ್ಷದಿಂದ ಯಾವ ವರ್ಷಕ್ಕೆ. ನೋಟಿಸಿನ ಕೊನೆಯ ದಿನ. ಉತ್ತರ ಹೌದು, ಇಲ್ಲ ಅಥವಾ "ಕೇಳಿ" ಎಂದಿರಲಿ. ವಿದ್ಯುನ್ಮಾನ ಸಂಪನ್ಮೂಲ ನಿರ್ವಹಣೆಯ ತಂತ್ರಾಂಶ ಇದ್ದರೆ ಸರಿ, ಇಲ್ಲದಿದ್ದರೆ ಎಲ್ಲರಿಗೂ ತೆರೆದಿರುವ ಸ್ಪ್ರೆಡ್‌ಶೀಟ್ ಸಾಕು.

ಸಾಮೂಹಿಕ ಡೌನ್‌ಲೋಡಿನ ತಕರಾರು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಪ್ರಕಾಶಕರು ಪ್ರಾಕ್ಸಿ ಸರ್ವರಿನ ಐಪಿ ವಿಳಾಸವನ್ನೇ ತಡೆಯುತ್ತಾರೆ, ಮನೆಯಿಂದ ಓದುವವರೆಲ್ಲ ಒಟ್ಟಿಗೆ ಹೊರಬೀಳುತ್ತಾರೆ. ಕೂಡಲೇ ಪ್ರಕಾಶಕರಿಂದ ಘಟನೆಯ ದಿನಾಂಕ, ಸಮಯ, ಸಮಯವಲಯ, ಐಪಿ ವಿಳಾಸ ಕೇಳಿ. ಸಮಯವಲಯ ಕೇಳದೆ ಲಾಗ್ ಹುಡುಕಿದರೆ ಅಮಾಯಕ ವಿದ್ಯಾರ್ಥಿಯೊಬ್ಬರ ಮೇಲೆ ಬೆರಳು ತೋರಿಸಿದಂತಾದೀತು. ಪ್ರಾಕ್ಸಿ ಲಾಗ್‌ನಲ್ಲಿ ಆ ಅವಧಿಯ ಸೆಷನ್ ಗುರುತಿಸಿ ಕೊನೆಗಾಣಿಸಿ, ಆ ಖಾತೆಯನ್ನು ತಡೆಹಿಡಿದು ಪಾಸ್‌ವರ್ಡ್ ಬದಲಿಸಿ. ಕದ್ದ ಪಾಸ್‌ವರ್ಡ್ ಇರಬಹುದು, ಉಲ್ಲೇಖ ತಂತ್ರಾಂಶವೇ ತಾನಾಗಿ ಪಿಡಿಎಫ್‌ಗಳನ್ನು ಎಳೆದಿರಬಹುದು, ವಿಮರ್ಶಾ ಲೇಖನಕ್ಕಾಗಿ ಸಂಶೋಧಕರೊಬ್ಬರು ಒಂದೇ ಕೂರುವಿಕೆಯಲ್ಲಿ ನೂರಾರು ಲೇಖನ ಇಳಿಸಿಕೊಂಡಿರಬಹುದು. ಪ್ರಕಾಶಕರಿಗೆ "ಮೂಲ ಪತ್ತೆಯಾಗಿದೆ, ಪ್ರವೇಶ ನಿಲ್ಲಿಸಲಾಗಿದೆ, ತಡೆ ತೆಗೆಯಿರಿ" ಎಂದು ಬರೆಯಿರಿ. ವ್ಯಕ್ತಿಯ ಹೆಸರನ್ನು ಯಾವ ಕಾರಣಕ್ಕೂ ಕೊಡಬೇಡಿ. ಈಝಿಪ್ರಾಕ್ಸಿ ಎಂಬ ಪ್ರಾಕ್ಸಿ ತಂತ್ರಾಂಶ ಬಳಸುವವರು ಅದರಲ್ಲಿ ಬಳಕೆಯ ಮಿತಿ ಹಾಕುವ ಸೌಲಭ್ಯವನ್ನು ಮೊದಲೇ ಸಕ್ರಿಯಗೊಳಿಸಿಟ್ಟರೆ, ತಡೆ ಬೀಳುವ ಮುಂಚೆಯೇ ಆ ಒಂದು ಖಾತೆ ಮಾತ್ರ ನಿಲ್ಲುತ್ತದೆ. ಇಡೀ ಸಂಸ್ಥೆಯನ್ನು ತಡೆಯುವ ಮುನ್ನ ಸೂಚನೆ ಕೊಡಬೇಕು, ಆ ಒಂದು ಸೆಷನ್ ಅಥವಾ ಐಪಿಯನ್ನಷ್ಟೇ ತಡೆಯಬೇಕು, ಸರಿಪಡಿಸಲು 30 ದಿನ ಕೊಡಬೇಕು ಎಂಬುದನ್ನು ಮುಂದಿನ ಕರಾರಿನಲ್ಲಿ ಬರೆಸಿ.

ಕೊನೆಯದಾಗಿ, ರದ್ದು ಮಾಡುವ ವರ್ಷದ ಕೆಲಸ. ಪ್ರವೇಶ ನಿಲ್ಲುವ ಮುಂಚೆಯೇ ಶೀರ್ಷಿಕೆ ಪಟ್ಟಿಯನ್ನೂ, ಪ್ರತಿ ಶೀರ್ಷಿಕೆಗೆ ನಿಮಗಿರುವ ಶಾಶ್ವತ ಹಕ್ಕಿನ ವರ್ಷಗಳನ್ನೂ ಪ್ರಕಾಶಕರಿಂದ ಲಿಖಿತವಾಗಿ ತರಿಸಿಕೊಂಡು, ಹಣ ಕಟ್ಟಿದ ಇನ್‌ವಾಯ್ಸ್‌ಗಳ ಜೊತೆ ತಾಳೆ ನೋಡಿ. ಕೌಂಟರ್ ವರದಿಗಳನ್ನೆಲ್ಲ ಇಳಿಸಿಟ್ಟುಕೊಳ್ಳಿ, ಖಾತೆ ಮುಚ್ಚಿದ ಮೇಲೆ ಅವು ಸಿಗದಿರಬಹುದು. ಜನವರಿಯ ಮೊದಲ ವಾರದಲ್ಲಿ ಹತ್ತಿಪ್ಪತ್ತು ಜರ್ನಲ್‌ಗಳ ಹಳೆಯ ಸಂಚಿಕೆಗಳನ್ನು ಆವರಣದ ಒಳಗಿನಿಂದಲೂ ಪ್ರಾಕ್ಸಿಯಿಂದಲೂ ತೆರೆದು ನೋಡಿ. ತೆರೆಯಬೇಕಾದ್ದು ತೆರೆಯದಿದ್ದರೆ ಸ್ಕ್ರೀನ್‌ಶಾಟ್ ತೆಗೆದು, ಕರಾರಿನ ಕಲಂ ಸಂಖ್ಯೆ ಉಲ್ಲೇಖಿಸಿ, ಅದೇ ದಿನ ಬರೆಯಿರಿ.